ಕಟಾಫ್ ಪಟ್ಟಿ ಓದುವುದು ಹೇಗೆ: ಮೈಸೂರು, ಮಂಡ್ಯದಲ್ಲಿ ಇಂಜಿನಿಯರಿಂಗ್ ಸೀಟು ಹುಡುಕುವವರಿಗೆ

ಸಿಇಟಿ ಫಲಿತಾಂಶ ಬಂದ ಸಂಜೆ ಪಾಂಡವಪುರ ಕಡೆಯ ಊರಿನಿಂದ ನಮ್ಮ ಅಣ್ಣನ ಮಗ ಫೋನ್ ಮಾಡಿದ. "ಚಿಕ್ಕಪ್ಪ, ರ‍್ಯಾಂಕ್ ಬಂತು. ಎನ್‌ಐಇಲಿ ಸಿಎಸ್ ಆಯ್ತದಾ ಇಲ್ವಾ, ಒಂದೇ ಮಾತಲ್ಲಿ ಹೇಳಿ."

ಎನ್‌ಐಇ ಅಂದರೆ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್, ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಒಂದೇ ಮಾತಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನನ್ನ ಮಗಳಿಗೆ ಹೀಗೇ ಒಂದೇ ಮಾತಲ್ಲಿ "ಆಗುತ್ತೆ ಬಿಡು" ಅಂದುಬಿಟ್ಟಿದ್ದೆ. ನಾನು ನೋಡಿದ್ದು ಬೇರೆ ಪಟ್ಟಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇರುವ ಪಟ್ಟಿಯನ್ನು ಎಲ್ಲರ ಪಟ್ಟಿ ಅಂದುಕೊಂಡು ಓದಿದ್ದೆ. ತಪ್ಪು ಪೂರ್ತಿ ನನ್ನದೇ. ಪುಟದ ತಲೆಬರಹ ಓದಲಿಲ್ಲ, ಅಷ್ಟೇ. ಮೊದಲ ಸುತ್ತಿನ ದಿನ ಮಗಳ ಮುಖ ನೋಡಿದ ಮೇಲೆ ಪಟ್ಟಿ ಓದುವುದನ್ನು ಸರಿಯಾಗಿ ಕಲಿತೆ.

ಹಾಗಾಗಿ ಹುಡುಗನನ್ನು ಭಾನುವಾರ ಸರಸ್ವತಿಪುರಂನ ನಮ್ಮ ಮನೆಗೆ ಕರೆಸಿಕೊಂಡೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಒಂದು ಉದ್ದ ನೋಟ್‌ಬುಕ್, ಎರಡು ಬಣ್ಣದ ಪೆನ್ನು. ಮಧ್ಯಾಹ್ನ ಕೂತವರು ಏಳುವಾಗ ರಾತ್ರಿ ಎಂಟೂವರೆ. ಅವತ್ತು ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ರ‍್ಯಾಂಕ್ ಎಲ್ಲಿಂದ ಬಂತು ತಿಳಿದುಕೊಳ್ಳಿ

ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ, ಅರ್ಧ ಸಿಇಟಿ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕ. ಸಿಇಟಿಯಲ್ಲಿ ಅದೇ ಮೂರು ವಿಷಯಕ್ಕೆ 60ರಂತೆ 180 ಅಂಕ. ಎರಡನ್ನೂ 50ಕ್ಕೆ ಇಳಿಸಿ ಕೂಡಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ 285, ಸಿಇಟಿಯಲ್ಲಿ 108. ಅಂದರೆ 47.5 ಮತ್ತು 30, ಒಟ್ಟು 77.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 270, ಸಿಇಟಿಯಲ್ಲಿ 126. ಅಂದರೆ 45 ಮತ್ತು 35, ಒಟ್ಟು 80. ಪಿಯುಸಿಯಲ್ಲಿ 15 ಅಂಕ ಹಿಂದಿದ್ದವನು ಮುಂದೆ ಹೋದ. ಸಿಇಟಿಯ ಒಂದು ಅಂಕಕ್ಕೆ ಇಲ್ಲಿ ಸುಮಾರು 0.28 ಬೆಲೆ, ಪಿಯುಸಿಯ ಒಂದು ಅಂಕಕ್ಕೆ 0.17. ಅದೂ ಅಲ್ಲದೆ ಚೆನ್ನಾಗಿ ಓದುವ ಮಕ್ಕಳ ಪಿಯುಸಿ ಅಂಕ ಶೇ 90ರ ಮೇಲೆ ಒತ್ತೊತ್ತಾಗಿ ಗುಂಪುಗೂಡಿರುತ್ತದೆ. ಸಿಇಟಿ ಅಂಕ ಉದ್ದಕ್ಕೆ ಹರಡಿಕೊಂಡಿರುತ್ತದೆ. ಕಾಗದದ ಮೇಲೆ ಅರ್ಧ ಅರ್ಧ. ಆದರೆ ಮಕ್ಕಳನ್ನು ಮೇಲೆ ಕೆಳಗೆ ಮಾಡುವುದು ಜಾಸ್ತಿ ಸಿಇಟಿಯೇ.

ಇದರಿಂದ ಒಂದು ಮಾತು ತಿಳಿಯುತ್ತದೆ. "ನನ್ನ ಅಕ್ಕನಿಗೆ ಇಷ್ಟೇ ಅಂಕ ಬಂದಿತ್ತು, ಅವಳಿಗೆ ಸಿಕ್ಕಿತ್ತು" ಅನ್ನುವ ಮಾತನ್ನು ಬದಿಗಿಡಿ. ಅಂಕ ವರ್ಷದಿಂದ ವರ್ಷಕ್ಕೆ ಹೋಲಿಕೆಯಾಗುವುದಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಬಂದವು ಅಂತ ಗಲಾಟೆಯಾಗಿ, ನಾಲ್ಕೂ ವಿಷಯದ 240 ಪ್ರಶ್ನೆಗಳಲ್ಲಿ 50ನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ವರ್ಷದ ಅಂಕವನ್ನು ಬೇರೆ ವರ್ಷದ ಪಕ್ಕ ಇಟ್ಟರೆ ಅರ್ಥವೇ ಇಲ್ಲ. ರ‍್ಯಾಂಕಿನ ಪಕ್ಕ ರ‍್ಯಾಂಕ್ ಇಡಿ.

ಕಟಾಫ್ ಅಂದರೆ ಏನು, ಏನಲ್ಲ

ಹುಡುಗ ಕೇಳಿದ: "ಕಾಲೇಜಿನವರು ಈ ಕಟಾಫ್ ಯಾವಾಗ ಇಡ್ತಾರೆ?" ಯಾರೂ ಇಡುವುದಿಲ್ಲ. ಮದುವೆ ಊಟದ ಕೊನೇ ಪಂಕ್ತಿಯಲ್ಲಿ ಕೊನೆಯ ಎಲೆ ಯಾರಿಗೆ ಸಿಕ್ಕಿತು, ಅವರ ಹೆಸರು ಬರೆದಿಟ್ಟ ಹಾಗೆ ಇದು. ಆ ಬ್ರಾಂಚ್‌ಗೆ, ಆ ವರ್ಗದಲ್ಲಿ, ಆ ಸುತ್ತಿನಲ್ಲಿ ಕೊನೆಗೆ ಸೀಟು ಪಡೆದವರ ರ‍್ಯಾಂಕೇ ಕಟಾಫ್. ಮುಂದಿನ ವರ್ಷ ಊಟಕ್ಕೆ ಬರುವವರು ಬೇರೆ, ಎಲೆ ಎಷ್ಟು ಅನ್ನುವುದೂ ಬೇರೆ.

ಇನ್ನೊಂದು ಗೊಂದಲ ಪ್ರತಿ ಮನೆಯಲ್ಲೂ ಇದೆ. "ಈ ವರ್ಷ ಕಟಾಫ್ ಏರಿತು" ಅನ್ನುತ್ತಾರೆ. ಅಂಕದ ಕಟಾಫ್ ಏರಿದರೆ ಕಷ್ಟ. ರ‍್ಯಾಂಕಿನ ಕಟಾಫ್ 9 ಸಾವಿರದಿಂದ 12 ಸಾವಿರಕ್ಕೆ ಏರಿದರೆ ಸುಲಭವಾಯಿತು ಅಂತ ಅರ್ಥ, ಇನ್ನೂ ಹಿಂದಿನವರಿಗೂ ಸಿಕ್ಕಿತು ಅಂತ. ನಮ್ಮ ಮನೆಯಲ್ಲಿ ಅವತ್ತು ಏರಿತು, ಇಳಿಯಿತು ಅನ್ನುವುದನ್ನೇ ಬಿಟ್ಟೆವು. "ಬಿಗಿಯಾಯಿತು", "ಸಡಿಲವಾಯಿತು" ಅಂತ ಮಾತ್ರ ಹೇಳಿದೆವು. ಅರ್ಧ ಜಗಳ ಅಲ್ಲಿಗೇ ನಿಂತಿತು.

ಸರಿಯಾದ ಕಡತ ತೆಗೆಯಿರಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟಾಫ್ ಕಡತಗಳು ಸಿಗುತ್ತವೆ. ತೆಗೆದ ಕೂಡಲೇ ತಲೆಬರಹದಲ್ಲಿ ನಾಲ್ಕು ವಿಷಯ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ವರ್ಷ. ಕೋರ್ಸ್. ಸುತ್ತು. ಸಾಮಾನ್ಯ ಪಟ್ಟಿಯೋ, 371ಜೆ ಪಟ್ಟಿಯೋ.

ಕೊನೆಯದು ನಾನು ಬಿದ್ದ ಹಳ್ಳ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ನಮ್ಮ ಕಡೆಯ ಕಾಲೇಜುಗಳಲ್ಲೂ ಶೇ 8 ಸೀಟು ಇದೆ. ಅದರ ಕಟಾಫ್ ಬೇರೆ ಕಡತದಲ್ಲಿ ಬರುತ್ತದೆ. ಎರಡೂ ನೋಡಲು ಒಂದೇ ಥರ. ಹೈದರಾಬಾದ್ ಕರ್ನಾಟಕ ಅನ್ನುವ ಹಳೆಯ ಹೆಸರಿನ ಗುರುತಾಗಿ ಎಚ್‌ಕೆ ಅಂತ ಇರುತ್ತದೆ, ನೋಡಿಕೊಳ್ಳಿ.

ಸುತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಸುತ್ತಿನ ಪಟ್ಟಿ ಬಿಗಿ. ಆಮೇಲೆ ಕೆಲವರು ಜೆಇಇ ಮೂಲಕ ಎನ್‌ಐಟಿ ಇರುವ ಸುರತ್ಕಲ್‌ಗೆ, ಇನ್ನೆಲ್ಲಿಗೋ ಹೋಗುತ್ತಾರೆ, ಕೆಲವರು ಮೆಡಿಕಲ್‌ಗೆ, ಕೆಲವರು ಖಾಸಗಿ ಕಾಲೇಜುಗಳ ಪ್ರತ್ಯೇಕ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ಸೀಟಿಗೆ. ಅವರು ಬಿಟ್ಟ ಜಾಗಕ್ಕೆ ಹಿಂದಿನವರು ಬರುತ್ತಾರೆ. ಎರಡನೇ ಸುತ್ತು ಸಡಿಲ, ಅದರ ನಂತರದ್ದು ಇನ್ನೂ ಸಡಿಲ. ಆದರೆ ಕೊನೇ ಸುತ್ತಿನ ಪಟ್ಟಿಯಲ್ಲಿ ವಿಚಿತ್ರ ಸಂಖ್ಯೆಗಳು ಕಾಣಿಸುತ್ತವೆ. ಒಳ್ಳೆಯ ಬ್ರಾಂಚ್, ಕಟಾಫ್ ನೋಡಿದರೆ ಎಲ್ಲೋ ದೂರ. ಯಾರೋ ಒಬ್ಬರು ಕೊನೇ ಗಳಿಗೆಯಲ್ಲಿ ಸೀಟು ಬಿಟ್ಟಿದ್ದಾರೆ. ಮುಂದಿದ್ದವರೆಲ್ಲ ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದಾರೆ. ಉಳಿದಿದ್ದ ಒಬ್ಬನಿಗೆ ಅದೃಷ್ಟ ಹೊಡೆದಿದೆ. ಅದನ್ನು ನಂಬಿ ಯೋಜನೆ ಹಾಕಬೇಡಿ. ನಾನು ಮೊದಲ ಎರಡು ಸುತ್ತಿನ ಪಟ್ಟಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಕಾಮೆಡ್‌-ಕೆ ರ‍್ಯಾಂಕನ್ನು ಇದರ ಜೊತೆ ಬೆರೆಸುವವರೂ ಇದ್ದಾರೆ. ಅದು ಬೇರೆ ಪರೀಕ್ಷೆ, ಬೇರೆ ಸಾಲು. ಅಲ್ಲಿನ 10 ಸಾವಿರಕ್ಕೂ ಇಲ್ಲಿನ 10 ಸಾವಿರಕ್ಕೂ ಸಂಬಂಧವಿಲ್ಲ.

ಸಾಲಿನಲ್ಲಿ ನಿಮ್ಮ ಕಂಬ ಹುಡುಕಿ

ಪಟ್ಟಿಯಲ್ಲಿ ಕಾಲೇಜಿನ ಹೆಸರು, ಅದರ ಕೆಳಗೆ ಬ್ರಾಂಚ್‌ಗಳು, ಅಡ್ಡಕ್ಕೆ ವರ್ಗಗಳ ಕಂಬಗಳು. 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಅಂತ ಶುರುವಾಗಿ 3ಎ, 3ಬಿ, ಜಿಎಂ, ಎಸ್‌ಸಿ, ಎಸ್‌ಟಿವರೆಗೆ ಹೋಗುತ್ತದೆ. ಮೊದಲ ಭಾಗ ವರ್ಗ: 1, 2ಎ, 2ಬಿ, 3ಎ, 3ಬಿ ಅಂದರೆ ಹಿಂದುಳಿದ ವರ್ಗಗಳು, ಜಿಎಂ ಅಂದರೆ ಜನರಲ್ ಮೆರಿಟ್. ಕೊನೆಯ ಅಕ್ಷರ ಅದರೊಳಗಿನ ಪಾಲು: ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಏಳನೇ ಕ್ಲಾಸಿಗೆ ಮಂಡ್ಯ ಪೇಟೆಯ ಸ್ಕೂಲಿಗೆ ಸೇರಿಸಿದ್ದರೆ ಗ್ರಾಮೀಣ ಹೋಯಿತು.

ನಮ್ಮ ಹುಡುಗ ಹತ್ತು ವರ್ಷವೂ ಊರ ಶಾಲೆಯಲ್ಲಿ, ಕನ್ನಡದಲ್ಲಿ ಓದಿದವನು. 3ಎ ಬೇರೆ. ಅಂದರೆ ಅವನು ಒಂದು ಕಂಬ ನೋಡಿದರೆ ಸಾಲದು. ಜಿಎಂ, ಜಿಎಂಕೆ, ಜಿಎಂಆರ್, 3ಎಜಿ, 3ಎಕೆ, 3ಎಆರ್, ಹೀಗೆ ಆರು ಕಂಬ ಅವನದೇ. ಬಂದವನು 3ಎಜಿ ಒಂದನ್ನೇ ನೋಡಿ ಮುಖ ಬಾಡಿಸಿಕೊಂಡಿದ್ದ. ಆರೂ ತೋರಿಸಿದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡ.

ಜಿಎಂ ಅಂದರೆ "ಮೀಸಲಾತಿ ಇಲ್ಲದವರ ಸೀಟು" ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ, ಅದು ಎಲ್ಲರ ಸೀಟು. 2ಎ ಹುಡುಗಿಯ ರ‍್ಯಾಂಕ್ ಚೆನ್ನಾಗಿದ್ದರೆ ಅವಳಿಗೆ ಜಿಎಂ ಸೀಟೇ ಸಿಗುತ್ತದೆ. ಜಿಎಂ ಮುಗಿದ ಮೇಲೆ ಮೀಸಲು ಕಂಬದ ಕೆಲಸ. ಮಂಡ್ಯ ಕಡೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. 3ಎಗೆ ಇರುವುದು ಶೇ 4. ಆ ವರ್ಗದಲ್ಲಿ ಚೆನ್ನಾಗಿ ಓದುವ ಮಕ್ಕಳು ತುಂಬಾ. ಹಾಗಾಗಿ ಬೇಡಿಕೆಯ ಬ್ರಾಂಚ್‌ಗಳಲ್ಲಿ 3ಎ ಕಟಾಫ್ ಸಾಮಾನ್ಯವಾಗಿ ಜಿಎಂ ಪಕ್ಕದಲ್ಲೇ ನಿಂತಿರುತ್ತದೆ. "ನಮಗೆ ಕ್ಯಾಟಗರಿ ಇದೆ, ಆಗುತ್ತೆ" ಅಂತ ನಿಶ್ಚಿಂತೆಯಾಗಿ ಕೂರುವಷ್ಟು ದೂರ ಇರುವುದಿಲ್ಲ.

ಕಾಲೇಜಿನ ಹೆಸರನ್ನೂ ಪೂರ್ತಿ ಓದಿ. 1946ರಲ್ಲಿ ಶುರುವಾದ ಎನ್‌ಐಇಗೆ ಈಗ ಎರಡು ಕ್ಯಾಂಪಸ್. ಹಳೆಯದು ಮಾನಂದವಾಡಿ ರಸ್ತೆಯಲ್ಲಿ, ಉತ್ತರ ಕ್ಯಾಂಪಸ್ ಕೂರ್ಗಳ್ಳಿ ಕಡೆ. ಎರಡಕ್ಕೂ ಬೇರೆ ಬೇರೆ ಕಟಾಫ್. ಮಾನಸಗಂಗೋತ್ರಿ ಪಕ್ಕದ ಎಸ್‌ಜೆಸಿಇ ಶುರುವಾಗಿದ್ದು 1963ರಲ್ಲಿ. ಅದು ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ. ಹಳೆಯ ಹೆಸರಲ್ಲೇ ಹುಡುಕಿದರೆ ಪುಟ ತಿರುವಿ ತಿರುವಿ ಸುಸ್ತಾಗುತ್ತದೆ. ಮಂಡ್ಯದ ಪಿಇಎಸ್ ಕಾಲೇಜು 1962ರದು. ಬೆಂಗಳೂರಿನ ಪಿಇಎಸ್ ಬೇರೆ, ಇದು ಬೇರೆ. ನಗಬೇಡಿ, ಅಲ್ಲಿಯ ಕಟಾಫನ್ನು ಇಲ್ಲಿಯದು ಅಂತ ಓದಿ ಹೆದರಿದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಹಳೆಯ ಕಾಲೇಜುಗಳಲ್ಲಿ ಸರ್ಕಾರದ ಅನುದಾನ ಇರುವ ಸೀಟು, ಇಲ್ಲದ ಸೀಟು ಅಂತ ಎರಡು ಬಗೆ ಇರುತ್ತದೆ. ಅನುದಾನದ ಸೀಟಿಗೆ ಶುಲ್ಕ ಕಡಿಮೆ, ಹಾಗಾಗಿ ಸ್ಪರ್ಧೆ ಜಾಸ್ತಿ.

ಕಟಾಫ್ ನೋಡುವ ಮೊದಲು ಸೀಟು ಎಣಿಸಿ

ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

60 ಸೀಟಿನ ಒಂದು ಬ್ರಾಂಚ್ ತೆಗೆದುಕೊಳ್ಳಿ, ಅನುದಾನವಿಲ್ಲದ ಖಾಸಗಿ ಕಾಲೇಜು. ಅದರಲ್ಲಿ ಕೆಇಎ ತುಂಬುವುದು ಶೇ 45. ಶೇ 30 ಕಾಮೆಡ್‌-ಕೆ, ಶೇ 25 ಆಡಳಿತ ಮಂಡಳಿ. 60ರಲ್ಲಿ ನಮಗೆ ಉಳಿದಿದ್ದು 27. ಅದರಲ್ಲಿ 371ಜೆ ಸೀಟು ಎರಡು ತೆಗೆಯಿರಿ. 25.

ಈ 25ನ್ನು ಹಂಚಿ. ಎಸ್‌ಸಿ ಶೇ 17, ಎಸ್‌ಟಿ ಶೇ 7, ಪ್ರವರ್ಗ 1ಕ್ಕೆ ಶೇ 4, 2ಎ ಶೇ 15, 2ಬಿ ಶೇ 4, 3ಎ ಶೇ 4, 3ಬಿ ಶೇ 5. ಉಳಿದ ಶೇ 44 ಜಿಎಂ. ಅಂದರೆ ಜಿಎಂ 11, 2ಎ ಮೂರೋ ನಾಲ್ಕೋ, 3ಎ ಒಂದು.

ಒಂದು ಸೀಟು! ಅದನ್ನು ಜಿ, ಕೆ, ಆರ್ ಅಂತ ಮೂರು ತುಂಡು ಮಾಡಲು ಆಗುವುದಿಲ್ಲ. ಹಾಗಾಗಿ ಒಂದು ಬ್ರಾಂಚ್‌ನಲ್ಲಿ 3ಎಜಿ ಕಂಬದಲ್ಲಿ ಸಂಖ್ಯೆ ಇದ್ದು 3ಎಆರ್‌ನಲ್ಲಿ ಬರೀ ಗೀಟು ಇರುತ್ತದೆ. ಪಕ್ಕದ ಬ್ರಾಂಚ್‌ನಲ್ಲಿ ಉಲ್ಟಾ ಇರಬಹುದು. ಗೀಟು ಅಂದರೆ "ಯಾರೂ ಕೇಳಲಿಲ್ಲ" ಅಂತ ಅಲ್ಲ. ಆ ಕಂಬದಲ್ಲಿ ಆ ಸುತ್ತಿನಲ್ಲಿ ಯಾರಿಗೂ ಸೀಟು ಹೋಗಿಲ್ಲ ಅಂತ ಅಷ್ಟೇ, ಬಹುಪಾಲು ಸಲ ಸೀಟೇ ಇಲ್ಲದ್ದರಿಂದ.

ಒಂದೇ ಸೀಟಿನ ಕಂಬದ ಕಟಾಫ್ ಒಬ್ಬರ ಕಥೆ. ಹೋದ ವರ್ಷ ಅಲ್ಲಿ ಕೂತವಳು ಮೈಸೂರೇ ಬೇಕು ಅಂತ ಬೆಂಗಳೂರಿನ ದೊಡ್ಡ ಕಾಲೇಜು ಬಿಟ್ಟು ಬಂದಿರಬಹುದು. ಕಟಾಫ್ ಬಿಗಿ ಕಾಣುತ್ತದೆ. ಅದರ ಹಿಂದಿನ ವರ್ಷ ಆ ರ‍್ಯಾಂಕಿನವರು ಯಾರೂ ಇತ್ತ ನೋಡದೆ ಇರಬಹುದು. ಸಡಿಲ ಕಾಣುತ್ತದೆ. ಎರಡರಿಂದಲೂ ನಿಮ್ಮ ವಿಷಯ ಏನೂ ಗೊತ್ತಾಗುವುದಿಲ್ಲ. ಜಿಎಂ ಕಂಬದಲ್ಲಿ ಸೀಟು ಹೆಚ್ಚು, ಅದು ಹಾಗೆ ಕುಣಿಯುವುದಿಲ್ಲ. ಆದ್ದರಿಂದ ನಾವು ನೋಟ್‌ಬುಕ್ಕಿನಲ್ಲಿ ಐದಕ್ಕಿಂತ ಹೆಚ್ಚು ಸೀಟಿರುವ ಕಂಬವನ್ನು ನೀಲಿ ಪೆನ್ನಿನಲ್ಲೂ ಒಂದೆರಡು ಸೀಟಿನದನ್ನು ಕೆಂಪು ಪೆನ್ನಿನಲ್ಲೂ ಬರೆದೆವು. ನೀಲಿಯನ್ನು ನಂಬು, ಕೆಂಪನ್ನು ಬೋನಸ್ ಅಂದುಕೋ ಅಂತ ಹೇಳಿದೆ.

ಈ ವರ್ಷದ ಸೀಟ್ ಮ್ಯಾಟ್ರಿಕ್ಸ್, ಅಂದರೆ ಎಲ್ಲಿ ಎಷ್ಟು ಸೀಟು ಅನ್ನುವ ಪಟ್ಟಿ ಬಂದ ಕೂಡಲೇ ಹಳೆಯದರ ಜೊತೆ ಹೋಲಿಸಿ. 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಒಂದು ಬ್ರಾಂಚ್‌ಗೆ ಇಷ್ಟೇ ಸೀಟು ಅನ್ನುವ ಮಿತಿ ತೆಗೆದುಹಾಕಿತು. ಸಿಎಸ್ ಸೀಟು ಹೆಚ್ಚಿಸಿಕೊಂಡ ಕಡೆ ಹಳೆಯ ಕಟಾಫ್ ಕೆಲಸಕ್ಕೆ ಬರುವುದಿಲ್ಲ, ಅದಕ್ಕಿಂತ ಸಡಿಲವಾಗುತ್ತದೆ. ಹೊಸದಾಗಿ ಶುರುವಾದ ಬ್ರಾಂಚ್‌ಗೆ ಇತಿಹಾಸವೇ ಇಲ್ಲ. ಅದೇ ಕಾಲೇಜಿನ ಸಿಎಸ್ ಕಟಾಫನ್ನು ಮೇಲಿನ ಗೆರೆ, ಇಸಿಯದನ್ನು (ಎಲೆಕ್ಟ್ರಾನಿಕ್ಸ್) ಕೆಳಗಿನ ಗೆರೆ ಅಂದುಕೊಂಡು ನಡುವೆ ಎಲ್ಲೋ ಇಡಿ.

ಯಾವ ವರ್ಷಗಳನ್ನು ಬಿಡಬೇಕು

2021 ಬಿಡಿ. ಆ ವರ್ಷ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಎಲ್ಲರೂ ಪಾಸು. ರ‍್ಯಾಂಕ್ ಕೊಟ್ಟಿದ್ದು ಸಿಇಟಿ ಅಂಕದ ಮೇಲೆ ಮಾತ್ರ. 2022ನ್ನೂ ಬಿಡಿ. ಹಿಂದಿನ ವರ್ಷದ ಮಕ್ಕಳ ಪಿಯುಸಿ ಅಂಕ ಸೇರಿಸಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟಿಗೆ ಹೋಗಿ ರ‍್ಯಾಂಕ್ ಪಟ್ಟಿಯನ್ನೇ ಮತ್ತೆ ಮಾಡಬೇಕಾಯಿತು. 2022ರಲ್ಲೇ ಎಸ್‌ಸಿ ಮೀಸಲಾತಿ 15ರಿಂದ 17ಕ್ಕೆ, ಎಸ್‌ಟಿ 3ರಿಂದ 7ಕ್ಕೆ ಹೋಯಿತು, ಜಿಎಂ ಪಾಲು 50ರಿಂದ 44ಕ್ಕೆ ಇಳಿಯಿತು. ಅದಕ್ಕಿಂತ ಹಳೆಯ ಪಟ್ಟಿ ಈಗಿನ ಹಂಚಿಕೆಗೆ ಹೊಂದುವುದಿಲ್ಲ.

2024ರ ರ‍್ಯಾಂಕನ್ನು ಬಳಸಬಹುದು. ಪ್ರಶ್ನೆ ಕೈಬಿಟ್ಟಿದ್ದರಿಂದ ಅಂಕ ಮತ್ತು ರ‍್ಯಾಂಕಿನ ಸಂಬಂಧ ಕೆಟ್ಟಿತು, ನಿಜ. ರ‍್ಯಾಂಕ್ ಮತ್ತು ಸೀಟಿನ ಸಂಬಂಧ ಹಾಗೇ ಇದೆ. ಹೀಗೆ 2023ರಿಂದ ಈಚೆಗಿನವು ಮಾತ್ರ ನಮ್ಮ ಕೈಗೆ ಉಳಿದವು.

ಒಟ್ಟು ಎಷ್ಟು ಜನಕ್ಕೆ ರ‍್ಯಾಂಕ್ ಕೊಟ್ಟಿದ್ದಾರೆ ಅನ್ನುವುದನ್ನೂ ಒಂದು ಸಲ ನೋಡಿ. 2024, 2025 ಎರಡರಲ್ಲೂ ಇಂಜಿನಿಯರಿಂಗ್ ರ‍್ಯಾಂಕ್ ಎರಡೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಬಂತು. ಈ ಸಂಖ್ಯೆ ಸಿಕ್ಕಾಪಟ್ಟೆ ಬದಲಾದ ವರ್ಷ ಸಾಲೇ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಮೂರು ಗುಂಪು ಮಾಡಿ

ಇಲ್ಲಿಂದ ಮುಂದೆ ನನ್ನದೇ ಅಳತೆ. ನಿಮಗೆ ಬೇರೆ ಸರಿ ಕಂಡರೆ ಹಾಗೇ ಮಾಡಿ.

ರ‍್ಯಾಂಕಿನ ವ್ಯತ್ಯಾಸವನ್ನು ಬರೀ ಸಂಖ್ಯೆಯಲ್ಲಿ ನೋಡಬಾರದು. 1,000ದ ಹತ್ತಿರ 500 ಅಂದರೆ ಬಹಳ ದೂರ. 60,000ದ ಹತ್ತಿರ 500 ಏನೇನೂ ಅಲ್ಲ. ಹಾಗಾಗಿ ನಾನು ಕಾಲು ಭಾಗದ ಲೆಕ್ಕ ಇಟ್ಟುಕೊಂಡಿದ್ದೇನೆ. ಹುಡುಗನ ರ‍್ಯಾಂಕ್ 11,600 ಅಂದುಕೊಳ್ಳಿ. ಅದರ ಕಾಲು ಭಾಗ 2,900. ಕೂಡಿದರೆ 14,500, ಕಳೆದರೆ 8,700.

ನೋಡಿದ ಎಲ್ಲ ವರ್ಷವೂ ಕಟಾಫ್ 14,500ಕ್ಕಿಂತ ಸಡಿಲ ಇದ್ದರೆ ಅದು "ಭದ್ರ". ಎಲ್ಲ ವರ್ಷವೂ 8,700ಕ್ಕಿಂತ ಬಿಗಿ ಇದ್ದರೆ ಅದು "ಆಸೆ". ನಡುವಿನದೆಲ್ಲ "ಹಗ್ಗಜಗ್ಗಾಟ". ಉದಾಹರಣೆಗೆ ಒಂದು ಬ್ರಾಂಚ್‌ನ ಜಿಎಂ ಕಟಾಫ್ ಮೂರು ವರ್ಷದಲ್ಲಿ 9,800, 12,400, 11,100 ಅಂತಿಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ಸುಮ್ನೆ ನಾನು ಕಟ್ಟಿದ ಸಂಖ್ಯೆ, ಯಾವ ಕಾಲೇಜಿನದೂ ಅಲ್ಲ. ಹುಡುಗನಿಗೆ ಮೂರರಲ್ಲಿ ಒಂದು ವರ್ಷ ಸಿಗುತ್ತಿತ್ತು, ಎರಡು ವರ್ಷ ಇಲ್ಲ. ಇದನ್ನು ಸರಾಸರಿ ಮಾಡಿ "11,100, ಸ್ವಲ್ಪದರಲ್ಲಿ ತಪ್ಪುತ್ತೆ" ಅಂದರೆ ತಪ್ಪು ತಿಳಿದ ಹಾಗೆ. ಅತಿ ಬಿಗಿ ಎಷ್ಟು, ಅತಿ ಸಡಿಲ ಎಷ್ಟು, ಎರಡನ್ನೂ ಬರೆದಿಡಿ. ಸರಾಸರಿ ಬೇಡ.

ಅವನ ಪಟ್ಟಿ ಕೊನೆಗೆ ಹೀಗಾಯಿತು: ಆಸೆ ಎಂಟು, ಹಗ್ಗಜಗ್ಗಾಟ ಹದಿನಾಲ್ಕು, ಭದ್ರ ಹನ್ನೊಂದು.

ಆಪ್ಷನ್ ಕ್ರಮಕ್ಕೂ ಕಟಾಫ್‌ಗೂ ಸಂಬಂಧ ಇಲ್ಲ

ಆಪ್ಷನ್ ಅಂದರೆ ನಮಗೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಒಂದಾದ ಮೇಲೊಂದರಂತೆ ಕೆಇಎಗೆ ಬರೆದು ಕೊಡುವುದು. ಅದರ ಕ್ರಮಕ್ಕೆ ಕಟಾಫ್ ನೋಡಬೇಕಿಲ್ಲ ಅಂತ ಒಪ್ಪಿಸಲು ನನಗೆ ಅತಿ ಹೆಚ್ಚು ಹೊತ್ತು ಹಿಡಿಯಿತು. ಹುಡುಗ ಭದ್ರವಾದದ್ದನ್ನು ಮೊದಲು ಬರೆಯುತ್ತಿದ್ದ. "ಸಿಗಲ್ಲ ಅಂತ ಗೊತ್ತಿರೋದನ್ನ ಮೇಲೆ ಹಾಕಿ ಯಾಕೆ ಚಾನ್ಸ್ ಹಾಳು ಮಾಡ್ಕೊಳ್ಳೋದು, ಚಿಕ್ಕಪ್ಪ?"

ಹಾಳಾಗುವುದಿಲ್ಲ. ಹಂಚಿಕೆ ಹೀಗೆ ನಡೆಯುತ್ತದೆ. ಒಂದನೇ ರ‍್ಯಾಂಕಿನವರ ಆಪ್ಷನ್ ಪಟ್ಟಿ ತೆಗೆದು ಮೇಲಿನಿಂದ ನೋಡುತ್ತಾ ಬರುತ್ತಾರೆ, ಮೊದಲು ಖಾಲಿ ಇರುವುದನ್ನು ಕೊಡುತ್ತಾರೆ. ಆಮೇಲೆ ಎರಡನೆಯವರು, ಮೂರನೆಯವರು. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಪ್ಷನ್‌ನಲ್ಲಿ ಜಿಎಂ ಸೀಟು ಉಳಿದಿದೆಯಾ, ಇಲ್ಲದಿದ್ದರೆ ನಿಮಗೆ ಹಕ್ಕಿರುವ ಮೀಸಲು ಸೀಟು ಇದೆಯಾ ನೋಡುತ್ತಾರೆ. ಇಲ್ಲ ಅಂದರೆ ಎರಡನೇ ಆಪ್ಷನ್. ನಿಮ್ಮ ಹಿಂದಿನ ರ‍್ಯಾಂಕಿನವರು ಅದೇ ಕಾಲೇಜನ್ನು ಒಂದನೇ ಆಪ್ಷನ್ ಮಾಡಿಕೊಂಡಿದ್ದರೂ, ನೀವು ಇಪ್ಪತ್ತನೆಯದಾಗಿ ಬರೆದಿದ್ದರೂ, ನಿಮ್ಮ ಸರದಿ ಮುಗಿಯದೆ ಅವರ ಸರದಿ ಬರುವುದಿಲ್ಲ. ರೇಷನ್ ಅಂಗಡಿಯ ಸಾಲಿನ ಹಾಗೆ. ಮುಂದೆ ನಿಂತವರು ಮೊದಲು ಸಕ್ಕರೆ ಕೇಳಿ, ಇಲ್ಲ ಅಂದಮೇಲೆ ಅಕ್ಕಿ ಕೇಳಿದರೆ, ಹಿಂದಿನವರಿಗೆ ಅವರ ಅಕ್ಕಿ ಕೊಟ್ಟುಬಿಡುತ್ತಾರಾ?

ಆದ್ದರಿಂದ ಕ್ರಮ ಪೂರ್ತಿ ಆಸೆಯ ಪ್ರಕಾರವೇ ಇರಲಿ. ಜಾಸ್ತಿ ಇಷ್ಟವಾದದ್ದು ಮೇಲೆ, ಕಡಿಮೆ ಇಷ್ಟವಾದದ್ದು ಕೆಳಗೆ. ಕಟಾಫ್ ಬೇಕಾಗುವುದು ಪಟ್ಟಿಯ ಬಾಲಕ್ಕೆ. ಕೆಳಗೆ ಭದ್ರವಾದವು ಸಾಕಷ್ಟು ಇದೆಯಾ, ಪಟ್ಟಿ ಬೇಗ ಮುಗಿದುಹೋಯಿತಾ, ಇದನ್ನು ಹೇಳುವುದು ಅಷ್ಟೇ ಅದರ ಕೆಲಸ.

ಇನ್ನೊಂದು ಕಡೆಯೂ ಎಚ್ಚರ ಬೇಕು. ಬೇಡದ್ದನ್ನು ಬರೆಯಬೇಡಿ. ಸಿಕ್ಕಿದರೆ ಅದೇ ನಿಮ್ಮ ಸೀಟು. ಹುಡುಗ ಕೊನೆಯಲ್ಲಿ ಆರು ಕಾಲೇಜು ಸುಮ್ನೆ ಸೇರಿಸಿದ್ದ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ, ಹಾಸ್ಟೆಲ್‌ಗೆ ಮನೆಯಲ್ಲಿ ದುಡ್ಡಿಲ್ಲ. "ಸಿಕ್ಕಿದರೆ ಹೋಗ್ತೀಯಾ?" ಅಂದೆ. ಹೋಗಲ್ಲ ಅಂದ. ಆರನ್ನೂ ಹೊಡೆದುಹಾಕಿದ.

ಫ್ಲೆಕ್ಸ್ ಬೋರ್ಡಿನ ಲೆಕ್ಕ

ಜೂನ್ ತಿಂಗಳಲ್ಲಿ ಮಂಡ್ಯದ ನೂರಡಿ ರಸ್ತೆಯಲ್ಲಾಗಲಿ ಮೈಸೂರಿನ ಯಾವ ಸರ್ಕಲ್ಲಿನಲ್ಲಾಗಲಿ ತಲೆ ಎತ್ತಿದರೆ ಮಕ್ಕಳ ಫೋಟೋ, ರ‍್ಯಾಂಕ್. ಇಷ್ಟು ಮಕ್ಕಳಿಗೆ ಸಾವಿರದ ಒಳಗಿನ ರ‍್ಯಾಂಕ್ ಅಂತ. ಎರಡು ಪ್ರಶ್ನೆ ಕೇಳಿ. ಎಷ್ಟು ಮಕ್ಕಳು ಬರೆದಿದ್ದರು? ಮತ್ತೆ, ಯಾವ ರ‍್ಯಾಂಕ್? ಒಂದೇ ಸಿಇಟಿಗೆ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ, ಪ್ರಕೃತಿ ಚಿಕಿತ್ಸೆ, ನರ್ಸಿಂಗ್ ಅಂತ ಬೇರೆ ಬೇರೆ ರ‍್ಯಾಂಕ್ ಬರುತ್ತದೆ. ಒಬ್ಬಳೇ ಹುಡುಗಿ ಐದು ರ‍್ಯಾಂಕ್ ಆಗಿ ಬೋರ್ಡಿನ ಮೇಲೆ ನಿಂತಿರಬಹುದು.

ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿಗೆ ಹೋಗುವ ಆಸೆ ಇರುವವರು ಇಂಜಿನಿಯರಿಂಗ್ ಪಟ್ಟಿ ನೋಡಬಾರದು. ಅದಕ್ಕೆ ಬೇರೆ ರ‍್ಯಾಂಕ್, ಅದರಲ್ಲೂ ಕೃಷಿಕರ ಕೋಟಾಗೆ ಮತ್ತೊಂದು ಪಟ್ಟಿ.

"ನೀಟ್ ಕ್ವಾಲಿಫೈ" ಅನ್ನುವ ಬೋರ್ಡೂ ಹಾಗೇ. ಅರ್ಹತೆ ಅಂದರೆ ಸೀಟಲ್ಲ. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದ ಎಂಬಿಬಿಎಸ್ ಸೀಟು ಅದರ ಹತ್ತನೇ ಒಂದು ಭಾಗದ ಆಸುಪಾಸು. ಐಐಟಿಯದೂ ಅದೇ ಕಥೆ. 2024ರ ಜೆಇಇ ಅಡ್ವಾನ್ಸ್ಡ್‌ನಲ್ಲಿ 48,248 ಜನ ಪಾಸಾದರು, ಸೀಟು ಇದ್ದದ್ದು 17,740.

ಮೈಸೂರು ಮೆಡಿಕಲ್ ಕಾಲೇಜಿಗೆ, ಮಂಡ್ಯದ ಮಿಮ್ಸ್‌ಗೆ ಆಸೆ ಇರುವವರು ಇದೇ ವಿಧಾನ ಬಳಸಬಹುದು, ಎರಡು ತಿದ್ದುಪಡಿ ಇದೆ. ಸರ್ಕಾರಿ ಮೆಡಿಕಲ್ ಕಾಲೇಜಿನ ಶೇ 15 ಸೀಟನ್ನು ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ತುಂಬುತ್ತದೆ, ಉಳಿದದ್ದು ಕೆಇಎ. ಪಟ್ಟಿ ಎರಡು. ಕೇಂದ್ರದ ಪಟ್ಟಿಯಲ್ಲಿ 2ಎ, 3ಎ ಇರುವುದಿಲ್ಲ, ಒಬಿಸಿ, ಇಡಬ್ಲ್ಯುಎಸ್ ಇರುತ್ತದೆ. ಎರಡನೆಯದು ಅಂಕದ ಮೋಸ. 2024ರಲ್ಲಿ ಮೊದಲ ಫಲಿತಾಂಶದ ಪ್ರಕಾರ 67 ಜನಕ್ಕೆ 720ಕ್ಕೆ 720 ಬಂದಿತ್ತು, ತಿದ್ದಿದ ಮೇಲೆ 17 ಜನ ಉಳಿದರು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಒಂದೇ 650 ಅಂಕ ಒಂದು ವರ್ಷ ಸಾವಿರಾರು ಜನರ ನಡುವೆ ನಿಲ್ಲಿಸುತ್ತದೆ, ಮತ್ತೊಂದು ವರ್ಷ ದೇಶದ ಮೊದಲ ನೂರರ ಹತ್ತಿರ ಕೂರಿಸುತ್ತದೆ.

"ಒಂದು ಸೀಟಿಗೆ ಇಷ್ಟು ಅರ್ಜಿ" ಅನ್ನುವ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಅಮೆರಿಕದ ಹಾರ್ವರ್ಡ್‌ನಂಥ ಕಡೆ ಪ್ರತಿ ಕಾಲೇಜಿಗೂ ಬೇರೆ ಅರ್ಜಿ, ದುಡ್ಡು, ಪ್ರಬಂಧ. ಅಲ್ಲಿ ನೂರು ಜನರಲ್ಲಿ ಮೂರ್ನಾಲ್ಕು ಜನಕ್ಕೆ ಸೀಟು ಅಂದರೆ ಏನೋ ಅರ್ಥ ಇದೆ. ನಮ್ಮಲ್ಲಿ ಕೂತಲ್ಲೇ ನೂರು ಆಪ್ಷನ್ ಒತ್ತಬಹುದು. ಎಷ್ಟು ಜನ ಒತ್ತಿದರು ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

ಮಾಕ್ ಬಂದ ಮೇಲೆ

ಮಾಕ್ ಅಲಾಟ್‌ಮೆಂಟ್, ಅಂದರೆ ನಿಜವಾದ ಸುತ್ತಿಗೆ ಮೊದಲು ಮಾಡುವ ಅಣಕು ಹಂಚಿಕೆ ನೋಡಿ ಎರಡು ಥರದವರು ಕೆಡುತ್ತಾರೆ. ಸಿಕ್ಕಿತು ಅಂತ ಸಿಹಿ ಹಂಚುವವರು, ಸಿಗಲಿಲ್ಲ ಅಂತ ಪಟ್ಟಿಯನ್ನೇ ತಿರುವಿಹಾಕುವವರು. ಮಾಕ್ ಆದ ಮೇಲೆ ಸಾವಿರಾರು ಮಕ್ಕಳು ಆಪ್ಷನ್ ಬದಲಿಸುತ್ತಾರೆ. ಮಾಕ್‌ನಲ್ಲಿ ಏನೂ ಸಿಗದೆ ಹೋದರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಾಲ ಚಿಕ್ಕದಾಗಿದೆ ಅಂತ ಅರ್ಥ. ಕೆಳಗೆ ಇನ್ನಷ್ಟು ಸೇರಿಸಿ, ಮೇಲಿನ ಕ್ರಮ ಮುಟ್ಟಬೇಡಿ.

ನಿಜವಾದ ಸುತ್ತಿನಲ್ಲಿ ಸೀಟು ಬಂದರೆ ನಾಲ್ಕು ಚಾಯ್ಸ್. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಹೊರಗೆ ಹೋಗುವುದು. ಶುಲ್ಕ ಯಾವಾಗ, ಎಷ್ಟು ಕಟ್ಟಬೇಕು ಅನ್ನುವುದನ್ನು ಆ ವರ್ಷದ ಕೆಇಎ ಸೂಚನೆಯಲ್ಲೇ ಓದಿ, ಬದಲಾಗುತ್ತಿರುತ್ತದೆ. ಎರಡನೇ ಚಾಯ್ಸ್‌ನಲ್ಲಿ ಒಂದು ವಿಷಯ ಗೊತ್ತಿರಲಿ. ನಿಮಗೆ ಒಂಬತ್ತನೇ ಆಪ್ಷನ್ ಸಿಕ್ಕಿದ್ದರೆ ಮುಂದೆ ನೋಡುವುದು ಒಂದರಿಂದ ಎಂಟು ಮಾತ್ರ. ಅದರಲ್ಲಿ ಯಾವುದಾದರೂ ಸಿಕ್ಕಿತೋ, ಒಂಬತ್ತನೆಯದು ತಾನಾಗೇ ಕೈ ಬಿಡುತ್ತದೆ. "ಎರಡೂ ನೋಡಿ ಯಾವುದು ಬೇಕೋ ಇಟ್ಟುಕೊಳ್ಳೋಣ" ಅಂತ ಆಗುವುದಿಲ್ಲ. ಅದಕ್ಕೇ ಎರಡನೇ ಚಾಯ್ಸ್ ಒತ್ತುವ ಮೊದಲು ಮೇಲಿನ ಎಂಟನ್ನೂ ಮತ್ತೊಮ್ಮೆ ಓದಿ.

ನಮ್ಮ ಹುಡುಗನಿಗೆ ಬಂದಿದ್ದೂ ಒಂಬತ್ತನೆಯದೇ, ಮಂಡ್ಯದಲ್ಲಿ ಇಸಿ. ಅವನು ಎಂಟನ್ನೂ ಮತ್ತೆ ಓದಿದ, ಎರಡನೇ ಚಾಯ್ಸ್ ಒತ್ತಿದ. ಎರಡನೇ ಸುತ್ತಿನಲ್ಲಿ ಏನೂ ಬದಲಾಗಲಿಲ್ಲ. ಪಾಂಡವಪುರ ಸ್ಟೇಷನ್‌ನಿಂದ ರೈಲಿನ ಪಾಸ್ ಮಾಡಿಸಿಕೊಂಡಿದ್ದಾನೆ. ಅಂದಹಾಗೆ, ಅವನಿಗೆ ಸಿಕ್ಕಿದ್ದು ನಾವು ಕೆಂಪು ಪೆನ್ನಿನಲ್ಲಿ ಬರೆದಿದ್ದ ಜಿಎಂಕೆ ಕಂಬದಲ್ಲಿ.